ಕಳೆದ ಏಳು ದಿನಗಳಲ್ಲಿ

ಕಿಗೋಮಾದ ಕೆಳಗೆ, ಸರೋವರದ ದಂಡೆಯಲ್ಲಿ
ಇದು ಹನ್ನೆರಡನೆಯ ಮನೆ.
ಮನೆಯೆಂದರೆ ಮೂರು ಗೋಡೆ,
ನಾಲ್ಕನೆಯದರ ಜಾಗದಲ್ಲಿ ಹರಿದ ದೋಣಿಪಟ.
ಎದುರಿಗೆ ಮರಳು, ಮರಳ ಮೇಲೆ ಬಲೆ, ಬಲೆಯ ತುಂಬ
ಕಿರುಬೆರಳುದ್ದದ ಡಗಾ ಮೀನು, ಬಿಸಿಲಿಗೆ ಹರವಿದ್ದು,
ಯಾರೂ ಎಣಿಸದ್ದು.

ನಾನು ಎಣಿಸಲು ಬಂದವಳು.
ಇಲಾಖೆಯ ನೀಲಿ ಮೇಲಂಗಿ, ಕೊರಳಲ್ಲಿ ತೂಗುವ ನನ್ನದೇ ಮುಖ,
ಟ್ಯಾಬ್ಲೆಟ್ಟಿನೊಳಗೆ ಶೇಕಡಾ ಆರು ಜೀವ.

ಹೆಸರು?
ಸಿಕುಜುವಾ.
ನಮ್ಮ ಮಾತಿನಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂದು.
ಐದು ತಿಂಗಳಾದರೂ ಅವಳಮ್ಮನಿಗೆ
ಬಸಿರೆಂಬುದು ತಿಳಿದಿರಲಿಲ್ಲವಂತೆ.
ಫಾರಮಿನಲ್ಲಿ ‘ಗೊತ್ತಿಲ್ಲ’ಕ್ಕೆ ತೊಂಬತ್ತೆಂಟು.
ನಗಬಾರದು, ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ.

ಕಳೆದ ಏಳು ದಿನಗಳಲ್ಲಿ, ಒಂದು ಗಂಟೆಯಷ್ಟಾದರೂ,
ಕೂಲಿಗೋ ಲಾಭಕ್ಕೋ, ಏನಾದರೂ ಕೆಲಸ ಮಾಡಿದಿರಾ?

ಎಲ್ಲಿಯ ಕೆಲಸ, ಅಂದಳು.
ಅನ್ನುತ್ತಲೇ ಬಗ್ಗಿ ಒಂದು ಮಾರು ಮೀನು ಮಗುಚಿದಳು,
ಕಾಗೆಗೊಂದು ಕಲ್ಲೆಸೆದಳು, ಬೆನ್ನ ಮೇಲಿನ ಕೂಸನ್ನು
ಇನ್ನೊಂದು ಪಕ್ಕೆಗೆ ಸರಿಸಿದಳು.
ಹೋದ ವಾರ ಹುಣ್ಣಿಮೆಯಲ್ಲವೇ?
ದೀಪಕ್ಕೆ ಬರುವ ಮೀನು ಇದು. ಮೇಲೆ ಅಷ್ಟು ದೊಡ್ಡದು ಹಚ್ಚಿಟ್ಟರೆ
ನಮ್ಮ ದೀಪವನ್ನು ಯಾರು ಕೇಳುತ್ತಾರೆ?
ದೋಣಿ ನೀರಿಗಿಳಿದದ್ದು ನಿನ್ನೆ ರಾತ್ರಿ.
ಈ ಮೀನು ಇವತ್ತಿನದು.

ಇವತ್ತು ಎಂಟನೆಯ ದಿನ.
ಎಂಟನೆಯ ದಿನಕ್ಕೆ ಪ್ರಶ್ನೆಯಿಲ್ಲ. ಚಂದ್ರನಿಗೆ ಕೋಡ್ ಇಲ್ಲ.
ಅವನು ತುಂಬಿದರೆ ಈ ದಂಡೆಯಲ್ಲಿ ದುಡಿವವರು ಕಮ್ಮಿ,
ಸವೆದರೆ ಜಾಸ್ತಿ,
ಹೀಗೆಂದು ರಾಜಧಾನಿಗೆ ಬರೆಯುವುದು ಹೇಗೆ?

ಏನನ್ನೂ ಮಾರಲಿಲ್ಲವೇ? ಒಂದು ಡಬ್ಬಿಯನ್ನಾದರೂ?
ಬುಧವಾರ ಬುರುಂಡಿಯವಳೊಬ್ಬಳು ಬಂದಿದ್ದಳು.
ಎರಡು ಡಬ್ಬಿ, ಹಳೇ ಮೀನು.
ಎಷ್ಟು ಹೊತ್ತು?
ಅಳೆಯಲು ಎಷ್ಟು ಹೊತ್ತಮ್ಮ! ಚೌಕಾಸಿಗೆ ಮಾತ್ರ
ಮಧ್ಯಾಹ್ನದ ಬಾಂಗಿನಿಂದ ಹಿಡಿದು
ಈ ನೆರಳು ಆ ಕಲ್ಲು ಮುಟ್ಟುವವರೆಗೆ.
ಕಲ್ಲು ನೋಡಿದೆ. ನೆರಳು ನೋಡಿದೆ.
ಒಂದು ಗಂಟೆ, ಎಂದು ಒತ್ತಿದೆ.
ಹಸಿರು ಗುರುತು ಮೂಡಿತು:
ದೇಶದ ದುಡಿವ ಬಲಕ್ಕೆ ಸೇರಿದಳು ಸಿಕುಜುವಾ,
ಅವಳಿಗೇ ಗೊತ್ತಾಗದಂತೆ.

ಅಷ್ಟರಲ್ಲಿ ತಲೆಯ ಮೇಲೆ ಬ್ಯಾಟರಿ ಹೊತ್ತು ಬಂದ ಮಗ, ಮಶಾಕ.
ಮೊಣಕಾಲವರೆಗೆ ಒದ್ದೆ, ಕಣ್ಣಲ್ಲಿ ರಾತ್ರಿಯ ನಿದ್ದೆ ಬಾಕಿ.
ವಯಸ್ಸು?
ಹದಿನಾಲ್ಕು, ಎಂದಳು ತಾಯಿ.
ಹದಿನೈದು, ಎಂದ ಅವನು, ಬ್ಯಾಟರಿ ಇಳಿಸದೆ.
ಹದಿನೈದಾದರೆ ಒಬ್ಬ ಹೆಚ್ಚುತ್ತಾನೆ,
ವರ್ಷಕ್ಕಿಷ್ಟು ಲಕ್ಷವೆಂದು ಏರುವ ಗೆರೆಯ ತುದಿಗೆ
ಒಂದು ಮರಳ ಕಣ. ಹದಿನಾಲ್ಕಾದರೆ
ಕೆಲಸಕ್ಕುಂಟು, ಲೆಕ್ಕಕ್ಕಿಲ್ಲ.
ಹುಟ್ಟಿದ ಚೀಟಿ?
ನೀರು ಏರಿದ ವರ್ಷ ಕೊಚ್ಚಿಹೋಯಿತು.
ತಾಯಿ ಅವನನ್ನೊಮ್ಮೆ ನೋಡಿದಳು,
ತಕ್ಕಡಿಯ ಮುಳ್ಳು ನೋಡುವ ಹಾಗೆ.
ಇನ್ನೊಂದು ವರ್ಷ ಇರಲಿ, ಎಂದಳು,
ನನಗಲ್ಲ, ಟ್ಯಾಬ್ಲೆಟ್ಟಿಗೆ.

ಪರದೆ ಕಪ್ಪಾಯಿತು.

ಹುಡುಗನೇ ಎಲ್ಲಿಂದಲೋ ತಂತಿ ತಂದು
ದೋಣಿಯ ಬ್ಯಾಟರಿಗೆ ಸಿಕ್ಕಿಸಿದ.
ಅದರಲ್ಲೂ ರಾತ್ರಿ ಉಳಿಸಿದ್ದು ಅಷ್ಟಕ್ಕಷ್ಟೆ.
ಕಾಯುತ್ತ ಕೂತೆ. ನನ್ನ ಗುತ್ತಿಗೆ ಇಪ್ಪತ್ತೊಂದು ದಿನ,
ಶುಕ್ರವಾರಕ್ಕೆ ಮುಗಿಯುತ್ತದೆ. ಆಮೇಲಿನ ಏಳು ದಿನಗಳ ಬಗ್ಗೆ
ನನ್ನ ಬಾಗಿಲಿಗೆ ಬಂದು ಕೇಳುವವಳು ಯಾರೋ.
ಕೈ ಸುಮ್ಮನಿರಲಿಲ್ಲ. ಮೀನು ಮಗುಚಿದೆ,
ಒಣಗಿದ್ದನ್ನು ಒಂದು ಬದಿಗೆ, ಹಸಿಯದನ್ನು ಬಿಸಿಲಿಗೆ.
ಆಡೊಂದನ್ನು ಅಟ್ಟಿದೆ. ನೆರಳು ಕಲ್ಲನ್ನು ದಾಟಿತು.

ಪರದೆ ಬೆಳಗಿದಾಗ
ವಯಸ್ಸಿನ ಚೌಕ ಇನ್ನೂ ಖಾಲಿ, ಮಿನುಗುತ್ತಿತ್ತು.

ಹೊರಡುವಾಗ ಸಿಕುಜುವಾ ಹಳೇ ಪತ್ರಿಕೆಯಲ್ಲಿ
ಎರಡು ಹಿಡಿ ಮೀನು ಸುತ್ತಿ ನೀಡಿದಳು.
ಬೇಡವೆಂದೆ. ನಿಯಮವಿದೆ.
ಪುಕ್ಕಟೆಯಲ್ಲ, ಹಿಡಿ, ಅಂದಳು. ದುಡಿದಿದ್ದೀಯಲ್ಲ.

ಹದಿಮೂರನೆಯ ಮನೆಯ ನಾಯಿ
ಪ್ರಶ್ನೆಗೆ ಮೊದಲೇ ನನ್ನ ಕೈ ಮೂಸಿತು.